ಅಮ್ಮನ ಮಾತಿಗೆ ನಾನೇ ದುಭಾಷಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಮುಚ್ಚಿಟ್ಟರೂ ನಮ್ಮೂರಿನವರು ಹೇಳದೆ ಬಿಡುವುದಿಲ್ಲ. ಕಿರಿಮಂಜೇಶ್ವರದ ಬಸ್‌ಸ್ಟಾಪಿನಲ್ಲಿ ಇಳಿದು ನಮ್ಮ ಮನೆ ಎಲ್ಲಿ ಎಂದು ಕೇಳಿ ನೋಡಿ, "ಆ ಜೋರ್ ಬಾಯಿ ಹೆಣ್ಣಿನ ಮನಿಯಾ?" ಎಂದು ಖಾತ್ರಿ ಮಾಡಿಕೊಂಡೇ ದಾರಿ ತೋರಿಸುತ್ತಾರೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಮಾಡಿದ ಪುಣ್ಯಾತ್ಮ ನಮ್ಮ ಕಡೆ ಬಂದವನಲ್ಲ. ನನಗೆ ಮಾತೂ ಬರುತ್ತದೆ, ಜಗಳವೂ ಬರುತ್ತದೆ.

ಇಂಥವಳು ಡಿಗ್ರಿ ಮುಗಿಸಿ, ನಾನು ವಿದೇಶಾಂಗ ಸೇವೆಗೆ ಹೋಗುತ್ತೇನೆ, ರಾಯಭಾರಿಯಾಗುತ್ತೇನೆ ಎಂದಾಗ ಊರು ನಕ್ಕದ್ದರಲ್ಲಿ ತಪ್ಪೇನಿಲ್ಲ. ಬದಿಮನೆಯ ದೊಡ್ಡಮ್ಮ ಅಂಗಳದಲ್ಲೇ ತೀರ್ಪು ಕೊಟ್ಟಳು: "ನೀ ಹೋದ್ರೆ ಮಾತುಕತಿ ಆಪುದಲ್ಲ ಮಾರಾಯ್ತಿ, ಯುದ್ಧವೇ ಆಪುದ್."

ನನ್ನ ತಲೆಗೆ ಈ ಹುಳ ಬಿಟ್ಟವರು ಕುಂದಾಪುರದ ಕಾಲೇಜಿನಲ್ಲಿ ನಮಗೆ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ಬ್ರಹ್ಮಾವರದವರು. ನಾನು ತರಗತಿಯಲ್ಲಿ ಯಾರ ಜೊತೆಗಾದರೂ ವಾದಕ್ಕೆ ಬಿದ್ದರೆ ಬೇರೆಯವರು ಬೈಯುತ್ತಿದ್ದರು, ಇವರು ಮಾತ್ರ ಕುರ್ಚಿಗೆ ಒರಗಿ ಕೂತು ಆಟ ನೋಡಿದ ಹಾಗೆ ನೋಡುತ್ತಿದ್ದರು. ಕೊನೆಯ ವರ್ಷ ಒಂದು ದಿನ ಕರೆದು ಹೇಳಿದರು, ಪದವಿ ಮುಗಿಸಿದವರಿಗೆ ಒಂದು ಫೆಲೋಶಿಪ್ ಇದೆ, ರಾಯಭಾರದ ಕೆಲಸಕ್ಕೆ ತಯಾರು ಮಾಡುವಂಥದ್ದು, ಹಾಕಿ ನೋಡು. ಎರಡು ವರ್ಷ ದೆಹಲಿಯಲ್ಲಿ ಎಂ.ಎ., ಜೊತೆಗೆ ಒಂದು ಪರದೇಶದ ಭಾಷೆ, ನಡುವೆ ಒಂದು ಬೇಸಿಗೆ ಹೊರದೇಶದಲ್ಲಿರುವ ನಮ್ಮ ಕಚೇರಿಯೊಂದರಲ್ಲಿ ಕಲಿಯುವ ಕೆಲಸ. ಖರ್ಚೆಲ್ಲ ಅವರದೇ. ಮುಗಿದ ಮೇಲೆ ನಾವು ವಿದೇಶಾಂಗ ಸೇವೆಯ ಪರೀಕ್ಷೆಗೆ ಕೂರಬೇಕು. ಅಪ್ಪ, ಅಮ್ಮ ಕಾಲೇಜಿನ ಮೆಟ್ಟಿಲು ಹತ್ತದ ಮನೆಗಳ ಮಕ್ಕಳಿಗೇ ಮೊದಲ ಮಣೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಬೇರೆ ದೇಶದವರ ಹತ್ತಿರ ನಮ್ಮ ದೇಶದ ಪರವಾಗಿ ಮಾತನಾಡುವುದನ್ನು ಕಲಿಸುತ್ತಾರೆ ಎಂದೆ.

"ಮಾತಾಡುಕೆ ಕಲ್ಸುದಾ? ನಿಂಗಾ?" ಅಮ್ಮ ಕತ್ತಿಗೆ ಸಿಕ್ಕಿದ್ದ ಮೀನನ್ನು ಅಲ್ಲೇ ಬಿಟ್ಟು ನನ್ನ ಮುಖ ನೋಡಿದಳು. "ಸುಮ್ನಿಪ್ಪುಕೆ ಕಲ್ಸಿದ್ರೆ ನಾನೇ ದುಡ್ಡ್ ಕೊಡ್ತಿದ್ದೆ."

ನನ್ನಮ್ಮ ಹೀಗೆಯೇ. ಅವಳು ಮೀನು ಮಾರುತ್ತಾಳೆ. ಬೆಳಿಗ್ಗೆ ಕೊಡೇರಿಯಲ್ಲಿ ದೋಣಿ ಬರುವ ಹೊತ್ತಿಗೆ ಹೋಗಿ ಬುಟ್ಟಿ ತುಂಬಿಸಿಕೊಂಡು, ಹೆಮ್ಮಾಡಿಯಲ್ಲಿ ಬಸ್ಸು ಬದಲಿಸಿ, ಕಾಡಿನ ಅಂಚಿನ ಕೆರಾಡಿಯವರೆಗೆ ಹೋಗಿ ಮನೆಮನೆ ಸುತ್ತಿ ಬರುತ್ತಾಳೆ. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಬುಟ್ಟಿಯ ಬಂಗುಡೆಯನ್ನು ಅವಳು ವರ್ಣಿಸುವುದನ್ನು ನೀವು ಕೇಳಬೇಕು. "ಹ್ವಾಯ್, ಕಣ್ಣ್ ಕಾಣಿ ಅದ್ರದ್ದ್! ಹೊಳಪ್ ಕಾಣಿ! ಇನ್ನೂ ಜೀವ ಇತ್ತ್!" ಸತ್ತ ಮೀನು ಕೂಡ ಆ ಹೊಗಳಿಕೆಗೆ ನಾಚಿಕೊಳ್ಳಬೇಕು. ಆದರೆ ನಾನು ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿ ಬಂದಾಗ, ಸುದ್ದಿ ಕೇಳಿ ಮನೆಗೆ ಬಂದವರಿಗೆ ಅವಳು ಹೇಳಿದ್ದು ಇಷ್ಟು: "ಪೇಪರ್ ತಿದ್ದಿದವ್ರಿಗೆ ಕಣ್ಣ್ ಕಾಂತಿರ್ಲಿಲ್ಲೆ ಕಾಣತ್ತ್."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇರಬಹುದು, ಆದರೆ ನಮ್ಮ ಕಡೆ ಹೆಗ್ಗಣಕ್ಕೆ ಅದು ಗೊತ್ತಾಗಬಾರದು. ಮಕ್ಕಳನ್ನು ಎದುರಿಗೆ ಹೊಗಳಿದರೆ ಕಣ್ಣು ಬೀಳುತ್ತದೆ, ಅದೂ ಹೆತ್ತವರ ಕಣ್ಣು ಎಲ್ಲಕ್ಕಿಂತ ಕೆಟ್ಟದ್ದು ಎಂಬ ನಂಬಿಕೆ. ಹಾಗಾಗಿ ಯಾರಾದರೂ ಮಕ್ಕಳ ವಿಷಯ ಎತ್ತಿದರೆ ಜರೆಯಬೇಕು. ಕೇಳಿದವರು ಅದನ್ನು ಮಗುಚಿ ಹಾಕಿ ಅರ್ಥ ಮಾಡಿಕೊಳ್ಳುತ್ತಾರೆ. ಜಾಸ್ತಿ ಜರೆದಳೆಂದರೆ ಜಾಸ್ತಿ ಮುದ್ದು ಎಂದು ಲೆಕ್ಕ. ಇದು ಊರಿನವರಿಗೆಲ್ಲ ಗೊತ್ತು. ನನಗೂ ಗೊತ್ತು. ಗೊತ್ತಿದ್ದರೂ, ಯಾವತ್ತಾದರೂ ಒಂದು ದಿನ ಬಂಗುಡೆಗೆ ಸಿಕ್ಕಿದ ಮಾತು ನನಗೂ ಸಿಗಲಿ ಎಂದು ಆಸೆಯಿತ್ತು. ಇತ್ತು, ಸುಳ್ಳು ಯಾಕೆ ಹೇಳಲಿ.

ಅರ್ಜಿ ಹಾಕಿದೆ. ಒಂದು ಸುತ್ತು ದಾಟಿದವರನ್ನು ಬೆಂಗಳೂರಿಗೆ ಕರೆದು ಕೆಲವು ದಿನ ಪಾಠ ಮಾಡಿದರು. ಮೇಜಿನ ಯಾವ ಬದಿಗೆ ಯಾರು ಕೂರಬೇಕು, ಆಗದು ಎನ್ನುವುದನ್ನು ಆಗದು ಎನ್ನದೆ ಹೇಳುವುದು ಹೇಗೆ, ಇಂಥವೆಲ್ಲ. ನನಗೆ ಹಿಡಿಸಿದ್ದು ದುಭಾಷಿಯ ಕೆಲಸದ ಪಾಠ. ಇಬ್ಬರು ಮಾತನಾಡುವಾಗ ನಡುವೆ ಕೂತವರು ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು, ಬೈದರೆ ಬೈಗಳನ್ನೇ ದಾಟಿಸಬೇಕು. ಇನ್ನೊಂದು ವಿಷಯ, 'ಅವರು ಹೀಗೆ ಹೇಳುತ್ತಿದ್ದಾರೆ' ಎನ್ನುವ ಹಾಗೂ ಇಲ್ಲ. ಮಾತನಾಡುವವರು 'ನಾನು' ಎಂದರೆ ನಾವೂ 'ನಾನು' ಎಂದೇ ಹೇಳಬೇಕು. ಪಾಠ ಮಾಡಿದವರು, "ಆ ಹೊತ್ತಿಗೆ ನೀವು ಇಲ್ಲ, ನಿಮ್ಮ ಬಾಯಿ ಮಾತ್ರ ಇದೆ" ಎಂದರು. ಊರೆಲ್ಲ ನನ್ನಲ್ಲಿ ಕಂಡದ್ದೂ ಅದನ್ನೇ ತಾನೆ, ನಾನು ಆ ಪಾಠದಲ್ಲಿ ಎಲ್ಲರಿಗಿಂತ ಮುಂದಿದ್ದೆ.

ಕೊನೆಯ ಸುತ್ತು ಮನೆ ಭೇಟಿ. ಆಯ್ಕೆ ಸಮಿತಿಯ ಒಬ್ಬರು ಮನೆಗೇ ಬಂದು ಹೆತ್ತವರ ಹತ್ತಿರ ಮಾತನಾಡುತ್ತಾರೆ. ಈ ಕೆಲಸದವರು ವರ್ಷಗಟ್ಟಲೆ ಮನೆಯಿಂದ ದೂರ ಇರಬೇಕಾಗುತ್ತದೆ, ಮನೆಯವರಿಗೆ ಒಪ್ಪಿಗೆಯಿದೆಯೇ, ಹುಡುಗಿ ಎಂಥವಳು ಎಂದು ಸ್ವತಃ ಕೇಳಿ ತಿಳಿಯುತ್ತಾರೆ. "ಬಂದವರ ಮಾತೇ ಕೊನೆಯ ಮಾತು, ಹುಷಾರು" ಎಂದು ಮೇಷ್ಟ್ರು ಎಚ್ಚರಿಸಿದರು. ನಮ್ಮ ಮನೆಗೆ ಬರಲಿದ್ದವರು ನಿವೃತ್ತ ರಾಯಭಾರಿಯಾಗಿದ್ದ ಒಬ್ಬ ಹೆಂಗಸು. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಮೇಷ್ಟ್ರು ಬ್ರಹ್ಮಾವರದಲ್ಲಿ ಅವರ ಕಾರು ಹತ್ತಿ ಜೊತೆಗೆ ಬಂದು ದುಭಾಷಿಯಾಗುವುದೆಂದು ತೀರ್ಮಾನವಾಯಿತು.

ನನಗೆ ಅದು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಆ ವಾರವಿಡೀ ನಾನು ಯಾರ ಮೇಲೂ ರೇಗಲಿಲ್ಲ. ದೊಡ್ಡಮ್ಮ ಹೆದರಿ, ಹುಷಾರಿಲ್ಲವಾ ಎಂದು ಹಣೆ ಮುಟ್ಟಿ ನೋಡಿದಳು. ಈ ಬಾಗಿಲು ಮುಚ್ಚಿದರೆ ಇಂಥ ಇನ್ನೊಂದು ಬಾಗಿಲು ನನಗೆ ತೆರೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ದುಡ್ಡು ಕೊಟ್ಟು ದೆಹಲಿಯಲ್ಲಿ ಓದುವುದು ನಮ್ಮಿಂದಾಗುವ ಮಾತಲ್ಲ.

ಭೇಟಿಯ ದಿನ ಬೆಳಿಗ್ಗೆ ಮೇಷ್ಟ್ರಿಂದ ಮೊಬೈಲಿಗೆ ಸಂದೇಶ. ಹಿಂದಿನ ದಿನ ದವಡೆ ಹಲ್ಲು ಕೀಳಿಸಿದ್ದಾರೆ, ಮುಖ ಊದಿದೆ, ಬಾಯಿ ತೆರೆಯಲು ಆಗುತ್ತಿಲ್ಲ. ಇಷ್ಟು ವರ್ಷ ಗಟ್ಟಿಯಾಗಿದ್ದ ಹಲ್ಲಿಗೆ ಇದೇ ದಿನ ಬೇಕಿತ್ತಾ! ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ತೋರಿಸುವುದು, ಹಲ್ಲಿನ ಮೇಲಾ?

ಆ ಹೆಂಗಸು ಒಬ್ಬರೇ ಬಂದರು. ಗಿಡ್ಡ ಬಿಳಿ ಕೂದಲು, ಹತ್ತಿ ಸೀರೆ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಒಳಗೆ ಬಂದರು, ಅದು ಅಮ್ಮನಿಗೆ ಹಿಡಿಸಿತು. ಅಪ್ಪಯ್ಯ ಬೋಟಿನಲ್ಲಿದ್ದ, ಮೀನಿಗೆ ಹೋದವರು ಯಾವಾಗ ಬರುತ್ತಾರೆಂದು ಹೇಳಲಾಗದು. ಮನೆಯಲ್ಲಿ ನಾನು, ಅಮ್ಮ, ಮತ್ತೆ ಕರೆಯದೆ ಬಂದು ಕೂತಿದ್ದ ದೊಡ್ಡಮ್ಮ. ಇದು ಓದಿನ ವಿಷಯ ಎಂದು ಎಷ್ಟು ಹೇಳಿದರೂ ದೊಡ್ಡಮ್ಮನಿಗೆ ಹೆಣ್ಣು ನೋಡಲು ಬಂದವರೆಂದೇ ಅನುಮಾನ. "ಗಂಡ್ ಎಲ್ಲಿತ್ತ್?" ಎಂದು ಕಾರಿನೊಳಗೆ ಇಣುಕಿ ಬಂದಳು.

ಮೇಷ್ಟ್ರ ಹಲ್ಲಿನ ಕತೆ ಹೇಳಿ, ಊರಿನಲ್ಲಿ ಇಂಗ್ಲಿಷ್ ಬರುವ ಬೇರೆ ಯಾರನ್ನಾದರೂ ಕರೆಯುತ್ತೇನೆ ಎಂದೆ. ಅವರು ಬೇಡವೆಂದರು. "ನೀವು ಕಲಿತಿದ್ದೀರಲ್ಲ. ನೀವೇ ಮಾಡಿ."

ಬೆಲ್ಲ ನೀರು ಆಯಿತು. "ಆಸ್ರಿಗೆ ಬೇರೆ ಎಂತ ಅಕ್ಕ್?" ಎಂದು ಅಮ್ಮ ಬಾಯಾರಿಕೆ ವಿಚಾರಿಸಿ, ಉತ್ತರಕ್ಕೆ ಕಾಯದೆ ಎಳನೀರು ಕೊಟ್ಟಳು. ಗಾಳಿ, ಸೆಕೆ, ರಸ್ತೆಯ ಮಾತು ಮುಗಿದ ಮೇಲೆ ಅವರು ಅಮ್ಮನನ್ನು ನೋಡಿ ಕೇಳಿದರು, ನಿಮ್ಮ ಮಗಳು ಎಂಥವಳು? ನಾನು ಕನ್ನಡದಲ್ಲಿ ಹೇಳಿದೆ.

ಅಮ್ಮ ಸೆರಗು ಸರಿಮಾಡಿಕೊಂಡಳು. ದೊಡ್ಡ ಮನುಷ್ಯರು ಕೇಳುತ್ತಿದ್ದಾರೆ, ಮರ್ಯಾದೆಯಾಗಿ ಉತ್ತರ ಕೊಡಬೇಡವೇ? "ಎಂತ ಹೇಳುದ್ ಅಮ್ಮ. ಇದ್ಕೆ ಬಾಯಿ ಒಂದ್ ಇತ್ತ್, ಮಂಡಿ ಇಲ್ಲೆ."

ನಿಯಮ ನಿಯಮವೇ. ಇಂಗ್ಲಿಷಿನಲ್ಲಿ ಹೇಳಿದೆ: ನನ್ನ ಮಗಳಿಗೆ ಬಾಯಿ ಇದೆ, ತಲೆ ಇಲ್ಲ.

"ಅದ್ ಹೌದ್," ದೊಡ್ಡಮ್ಮ ದನಿಗೂಡಿಸಿದಳು. "ಒಂದ್ ಕೆಲ್ಸ ಹೇಳಿ ಕಾಂಬ, ಪುಸ್ತಕ ಹಿಡ್ಕಂಡ್ ಕೂಕಂತ್ತ್." ಅದನ್ನೂ ದಾಟಿಸಿದೆ.

ಅಮ್ಮನಿಗೆ ಹುರುಪು ಬಂತು. "ಸಿಟ್ಟ್ ಅಂದ್ರೆ ಎಂಥಾ ಸಿಟ್ಟ್! ಒಂದ್ಸಲ ಕೆರಾಡಿ ಬಸ್ಸಲ್ಲಿ ಕಂಡಕ್ಟರಿಗ್ ಬೈದ್ ಬಸ್ಸೇ ನಿಲ್ಸಿತ್. ಬಸ್ಸಲ್ಲಿದ್ದವ್ರೆಲ್ಲ ನಂಗ್ ಬೈದ್ರ್, ಹೆಣ್ಣಿಗ್ ಬುದ್ಧಿ ಕಲ್ಸುಕಾತಿಲ್ಯಾ ಅಂತ. ಇದನ್ನ ಕಟ್ಕಂಡ್ ನಾ ಎಂತ ಮಾಡುದ್ ಹೇಳಿ."

ಒಂದು ಮಾತು ಬಿಡದೆ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಹಟವೇ ಬಂದುಬಿಟ್ಟಿತು. ಮುಳುಗುವುದಾದರೆ ಪೂರ್ತಿ ಮುಳುಗಿಬಿಡೋಣ ಎಂದು, ಅಮ್ಮ ಎಲ್ಲಿ ದನಿ ಏರಿಸಿದಳೋ ಅಲ್ಲಿ ನಾನೂ ಏರಿಸಿದೆ. ಕೇಳುತ್ತಿದ್ದವರ ಮುಖದಲ್ಲಿದ್ದ ನಗು ನಿಧಾನವಾಗಿ ಇಳಿಯಿತು. ಅವರು ಕೇಳಿದರು: "ಹಾಗಾದರೆ ಇವಳು ಈ ಕೆಲಸಕ್ಕೆ ತಕ್ಕವಳಲ್ಲ ಎನ್ನುತ್ತೀರಾ?"

ನಾನು ಅದನ್ನು ಅಮ್ಮನಿಗೆ ಹೇಳಿದೆ. ಅಮ್ಮ ತಬ್ಬಿಬ್ಬಾದಳು.

"ಹಾಂಗಂದ್ ಯಾರ್ ಹೇಳ್ದ್ರ್?"

"ನೀನೇ. ಈಗಷ್ಟೇ."

"ನಾ ಹೇಳ್ದ್ ಹೌದ್. ನೀ ಎಂತ ಹೇಳ್ದೆ ಅವ್ರಿಗೆ?"

"ನೀ ಹೇಳಿದ್ದನ್ನೇ."

"ಹಾಂಗೇಯಾ? ಮಂಡಿ ಇಲ್ಲೆ ಅಂದಾ?"

"ಹೌದ್. ಮಂಡಿ ಇಲ್ಲೆ ಅಂದೇ."

"ಅಯ್ಯೋ ದೇವ್ರೆ!" ಅಮ್ಮ ಹಣೆ ಚಚ್ಚಿಕೊಂಡಳು. "ನಾ ಮಂಡಿ ಇಲ್ಲೆ ಅಂದ್ರೆ ಅವ್ರಿಗ್ ಮಂಡಿ ಇಲ್ಲೆ ಅಂತ ಹೇಳುದಾ? ನಿಂಗ್ ಖರೇ ಮಂಡಿ ಇಲ್ಲೆ!"

ಏನಾಯಿತು ಎಂದು ಅವರು ಕೇಳಿದರು. ಇದನ್ನೂ ಅನುವಾದಿಸಿದೆ, ಇನ್ನೇನು ಮಾಡಲಿ. ಆದರೆ ಅಷ್ಟು ದಿನದಿಂದ ಒತ್ತಿ ಹಿಡಿದದ್ದೆಲ್ಲ ಅಲ್ಲಿಗೆ ಒಡೆಯಿತು. ಬಂದವರಿದ್ದಾರೆ ಎಂಬುದನ್ನೂ ಮರೆತು ಅಮ್ಮನ ಮೇಲೆ ಎಗರಿದೆ. "ಅವ್ರಿಗೆಂತ ಗೊತ್ತ್ ನಮ್ಮ ಊರ್ ಕ್ರಮ? ದಿನಾ ಬಂಗುಡಿನ ಹೊಗ್ಳುಕಾತ್ತ್ ನಿಂಗೆ. ಒಂದೇ ಒಂದ್ಸಲ ನನ್ನ ಹೊಗ್ಳಿದ್ರೆ ನಿನ್ನ ಗಂಟ್ ಎಂತ ಹೋತಿತ್ತ್?"

ಅಮ್ಮ ತಿರುಗಿ ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ.

"ಬಂಗುಡಿಗ್ ಕಣ್ಣ್ ಬಿದ್ರೆ ನಾಳೆ ಬೇರೆ ಬಂಗುಡಿ ಬತ್ತ್," ಎಂದಳು. "ನಿಂಗ್ ಬಿದ್ರೆ ನಾ ಎಲ್ಲಿಗ್ ಹೋಪುದ್?"

ಬಂದವರು ಅವಸರ ಮಾಡಲಿಲ್ಲ. ನಾನು ನೀರು ಕುಡಿದು, ದುಭಾಷಿಯ ಕೆಲಸಕ್ಕೆ ಮರಳಿ, ನಮ್ಮ ಜಗಳವನ್ನು ಪೂರ್ತಿ ಅವರಿಗೆ ಹೇಳಿದೆ. ನನ್ನ ಮಾತನ್ನೂ, ಬಂಗುಡೆಯನ್ನೂ, ಅಮ್ಮನ ಮಾತನ್ನೂ. ಅವರು ತಲೆಯಾಡಿಸಿ, "ಹಾಗಾದರೆ ನಾನು ಇನ್ನೊಮ್ಮೆ ಅದೇ ಪ್ರಶ್ನೆ ಕೇಳುತ್ತೇನೆ. ನನ್ನಂಥ ಹೊರಗಿನವಳಿಗೆ ಅರ್ಥವಾಗುವ ಹಾಗೆ ಹೇಳಿ ಎನ್ನಿ" ಎಂದರು.

ಅಮ್ಮನಿಗೆ ಪೇಚಾಟಕ್ಕಿಟ್ಟುಕೊಂಡಿತು. "ನೀ ಒಳ್ಗ್ ಹೋಗ್. ನಿನ್ನ ಎದ್ರಿಗ್ ಹೇಳುಕಾತಿಲ್ಲೆ."

"ನಾ ಒಳ್ಗ್ ಹೋದ್ರೆ ಅವ್ರಿಗ್ ತಿಳ್ಸುದ್ ಯಾರ್?"

ಅಮ್ಮ ನನ್ನನ್ನು ನೋಡುತ್ತಾಳೆ, ಅವರನ್ನು ನೋಡುತ್ತಾಳೆ. ಕೊನೆಗೆ ದಾರಿ ತೋರಿಸಿದ್ದು ದೊಡ್ಡಮ್ಮ. "ಬೆನ್ನ್ ಹಾಕಿ ಕೂಕಣ್ಲಿ. ಬೆನ್ನಿಗ್ ಹೇಳ್ದ್ರೆ ಎದ್ರಿಗ್ ಹೇಳ್ದಾಂಗ್ ಆತಿಲ್ಲೆ."

ನನಗೆ ನಗು ಬಂತು, ಆದರೆ ಅಮ್ಮ ನಗಲಿಲ್ಲ. ಹೌದಲ್ಲ ಎಂಬಂತೆ ಅವಳ ಮುಖ ಸಡಿಲವಾಯಿತು. ಈ ಏರ್ಪಾಡನ್ನು ಬಂದವರಿಗೆ ವಿವರಿಸಿದೆ. ಅವರು ಎಷ್ಟೋ ದೇಶಗಳಲ್ಲಿ ಇದೇ ಪದ್ಧತಿಯನ್ನು ಕಂಡವರ ಹಾಗೆ ಗಂಭೀರವಾಗಿ ಒಪ್ಪಿದರು. ನಾನು ಸ್ಟೂಲನ್ನು ತಿರುಗಿಸಿಕೊಂಡು, ಇಬ್ಬರಿಗೂ ಬೆನ್ನು ಹಾಕಿ, ಬಾಗಿಲ ಕಡೆಗೆ ಮುಖ ಮಾಡಿ ಕೂತೆ. ಎದುರಿಗೆ ಅಂಗಳ, ಒಣಗಲು ಹಾಕಿದ ಸೀಗಡಿ, ಅದನ್ನು ಕದಿಯಲು ಹೊಂಚು ಹಾಕುತ್ತಿದ್ದ ಕಾಗೆ.

"ಆ ಬಸ್ಸಿನ್ ಕತಿ ನಾ ಅರ್ಧವೇ ಹೇಳ್ದ್," ಎಂದು ಹಿಂದಿನಿಂದ ಅಮ್ಮನ ದನಿ ಬಂತು. "ಕಂಡಕ್ಟರ್ ನನ್ನ ಬುಟ್ಟಿ ವಾಸ್ನಿ ಅಂದ್ ಕೆಳ್ಗ್ ಇಳ್ಸಿದ. ನಾ ಬಾಯಿ ಮುಚ್ಕಂಡ್ ಇಳ್ದೆ. ಇದ್ ಇಳಿಲಿಲ್ಲೆ."

ನಾನು ಇಂಗ್ಲಿಷಿನಲ್ಲಿ ಹೇಳಿದೆ: ನಾನು ಬಾಯಿ ಮುಚ್ಚಿಕೊಂಡು ಇಳಿದೆ, ನನ್ನ ಮಗಳು ಇಳಿಯಲಿಲ್ಲ.

"ಬೈದದ್ದ್ ಮಾತ್ರ ಎಲ್ಲರೂ ಹೇಳ್ತ್ರ್. ಮರ್ದಿನ ಅದೇ ಕಂಡಕ್ಟರನ್ನ ಹುಡ್ಕಂಡ್ ಹೋಯಿ ಚಾ ಕುಡ್ಸಿ ಮಾತಾಡ್ತ್, ಅದನ್ನ ಯಾರೂ ಹೇಳುದಿಲ್ಲೆ. ಮುಚ್ಚಳ ಇಪ್ಪು ಡಬ್ಬಿ ತಂದ್ರೆ ಹಿಂದೆ ಡಿಕ್ಕಿಯಲ್ಲಿ ಜಾಗ ಅಂತ ಮಾಡ್ಸಿತ್. ಈಗ ನಾವ್ ಮೀನಿನವ್ರೆಲ್ಲ ಆ ಬಸ್ಸಲ್ಲೇ ಹೋಪುದ್. ಅವ ನಂಗೆ ನಮಸ್ಕಾರ ಮಾಡ್ತ."

ಈ ಮಾತು ಅವಳು ನನಗೆ ಒಮ್ಮೆಯೂ ಹೇಳಿದ್ದಿಲ್ಲ. ಆಗ ಡಬ್ಬಿ ತಂದುಕೊಟ್ಟಾಗ, "ಬುಟ್ಟಿಗೆಂತ ಆಯಿತ್ತ್?" ಎಂದು ಗೊಣಗಿದ್ದಳು. ಅದನ್ನೇ ಈಗ ನಾನು ಅವಳಾಗಿ, 'ನನ್ನ ಮಗಳು ಮಾಡಿದಳು, ನನ್ನ ಮಗಳು ಮಾಡಿದಳು' ಎಂದು ಹೇಳುತ್ತಿದ್ದೆ. ಕಾಗೆ ಸೀಗಡಿಗೆ ಬಾಯಿ ಹಾಕಿತು. ಓಡಿಸಲು ನನಗೆ ಮನಸ್ಸೇ ಬರಲಿಲ್ಲ.

"ಇದ್ಕ್ ಯಾರಾದ್ರೂ ಎಂತಾದ್ರೂ ಅಂದ್ರೆ ಸಿಟ್ಟ್ ಬತ್ತಿಲ್ಲೆ. ನಂಗ್ ಅಂದ್ರೆ ಬತ್ತ್. ಅದ್ ಸಿಟ್ಟಲ್ಲ ಅಮ್ಮ, ನಂಗ್ ಗೊತ್ತಿತ್ತ್."

ದನಿ ಸ್ವಲ್ಪ ನಡುಗಿತು. ಅವಳದ್ದೋ ನನ್ನದೋ, ಈಗ ನೆನಪಿಲ್ಲ. ಅಮ್ಮ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ನಂಗೆ ಇದನ್ನ ಬಿಟ್ಟ್ ಇಪ್ಪುಕಾತಿಲ್ಲೆ. ಆದ್ರೂ ಕರ್ಕಂಡ್ ಹೋಯ್ನಿ."

ಇಂಗ್ಲಿಷಿನಲ್ಲಿ ಅದು ಚಿಕ್ಕ ವಾಕ್ಯ. ನನಗೆ ಇವಳನ್ನು ಬಿಟ್ಟು ಇರಲಾಗದು, ಆದರೂ ಕರೆದುಕೊಂಡು ಹೋಗಿ. ಮೊದಲ ಭಾಗ ಹೇಳಿ ನಿಂತುಬಿಟ್ಟೆ. ಅಂಗಳ, ಕಾಗೆ, ಎಲ್ಲ ಕಣ್ಣೀರಿನಲ್ಲಿ ಕಲಸಿಹೋಯಿತು. ಬೈಗಳನ್ನೆಲ್ಲ ದನಿಯೇರಿಸಿ ದಾಟಿಸಿದ ಬಾಯಿಗೆ ಅಷ್ಟು ಸಣ್ಣ ಮಾತು ಭಾರವಾಯಿತು. ಮೂಗು ಎಳೆದುಕೊಂಡು ಉಳಿದರ್ಧವನ್ನೂ ಹೇಳಿದೆ.

ಕುರ್ಚಿ ಸರಿದ ಸದ್ದು. ಅವರು ಎದ್ದು ಅಮ್ಮನ ಹತ್ತಿರ ಹೋಗಿರಬೇಕು. "ಇದನ್ನು ನಾನು ಇವತ್ತೇ ಹೇಳಬಾರದು," ಎಂದರು. "ಆದರೂ ನಿಮ್ಮಮ್ಮನಿಗೆ ಹೇಳಿ. ನಾವು ಕರೆದುಕೊಂಡು ಹೋಗುತ್ತೇವೆ."

ಬೆಂಗಳೂರಿನಲ್ಲಿ ಕಲಿತದ್ದೆಲ್ಲ ಮರೆತೇಹೋಯಿತು. ಸ್ಟೂಲು ಕೆಡವಿಕೊಂಡು ತಿರುಗಿದೆ. "ಅಮ್ಮಾ, ಕರ್ಕಂಡ್ ಹೋತ್ರಂಬ್ರ್!"

ಅಮ್ಮ ಗಾಬರಿಯಾಗಿ ಎದ್ದು ನಿಂತಳು. ಒಮ್ಮೆ ಕಾರಿನ ಕಡೆ, ಒಮ್ಮೆ ಅಡುಗೆಮನೆಯ ಕಡೆ ನೋಡಿ, ಬಂದವರನ್ನೇ ಕೇಳಿದಳು.

"ಇವತ್ತೇಯಾ? ಇದ್ ಇನ್ನೂ ಉಣ್ಲೇ ಇಲ್ಲೆ!"